ಮ್ಯಾತ್ಸ್, ಪ್ಲೇಟ್ಸ್ ಉಂಟು, 24 ಎಚ್‌ಪಿ ಖಾಲಿ: ಚೆಂಡೆಯ ಉರುಳಿಕೆಗೆ ಹೊಸ ಮಾಡ್ಯೂಲ್ ಬೇಕಾ, ಪ್ಯಾಚ್ ಸಾಕಾ?

ಪೆರ್ಲ_ಪ್ಯಾಚ್

ಎಲ್ಲರಿಗೂ ನಮಸ್ಕಾರ. ನನ್ನದು 84 ಎಚ್‌ಪಿಯ (ಎಚ್‌ಪಿ ಅಂದರೆ ಮಾಡ್ಯೂಲ್‌ನ ಅಗಲದ ಅಳತೆ) ಒಂದೇ ಸಾಲಿನ ಯೂರೋರ್ಯಾಕ್, ಅಂದರೆ ಮಾಡ್ಯೂಲ್‌ಗಳನ್ನು ಕೇಬಲ್‌ನಿಂದ ಜೋಡಿಸುವ ಸಿಂಥಸೈಸರ್. ಅದರಲ್ಲಿ ಶಬ್ದ ಹುಟ್ಟಿಸುವ ಪ್ಲೇಟ್ಸ್ (12), ಏರಿಳಿಯುವ ವೋಲ್ಟೇಜ್ ಕೊಡುವ ಮ್ಯಾತ್ಸ್ (20), ಕ್ಲಾಕ್ ಮತ್ತು ಟ್ರಿಗರ್ ಕೊಡುವ ಪಮೇಲಾಸ್ ನ್ಯೂ ವರ್ಕೌಟ್ ಅಂದರೆ ಪ್ಯಾಮ್ (8), ಸೆಲ್ಫ್ ಆಸಿಲೇಟ್ ಆಗುವ 4-ಪೋಲ್ ಲೋ-ಪಾಸ್ ಫಿಲ್ಟರ್ (8), ವೋಲ್ಟೇಜ್‌ನಿಂದ ಮಟ್ಟ ಏರಿಳಿಸುವ ಡೋಪ್ಫರ್ ಎ-132-3 ಡ್ಯುಯಲ್ ವಿಸಿಎ (8), ಔಟ್‌ಪುಟ್ ಮಾಡ್ಯೂಲ್ (4). ಬಾಕಿ 24.

ಬೇಕಾದ್ದು ತೆಂಕುತಿಟ್ಟಿನ ಚೆಂಡೆಯ ಪಡಿಯಚ್ಚು ಅಲ್ಲ. ಅದು ಬೇಕಿದ್ದರೆ ಸ್ಯಾಂಪಲ್ ಸಾಕು. ಆ ಜಾತಿಯ ಬಿಗಿ ಪೆಟ್ಟು, ಮತ್ತೆ ವಿಳಂಬದಲ್ಲಿ ಶುರುವಾಗಿ ಏರಿಕೊಂಡು ಹೋಗುವ ಉರುಳಿಕೆ, ಇವೆರಡು ಬೇಕು. ಈಗ ಪ್ಲೇಟ್ಸ್‌ನ ಬಾಸ್ ಡ್ರಮ್ ಮಾಡೆಲ್‌ಗೆ ಪ್ಯಾಮ್‌ನಿಂದ ನೇರ ಟ್ರಿಗರ್ (ಪೆಟ್ಟು ಶುರು ಮಾಡುವ ಕಿರು ವೋಲ್ಟೇಜ್) ಕೊಡುತ್ತಿದ್ದೇನೆ. ತೊಂದರೆ ಹೀಗೆ:

ಎಲ್ಲ ಪೆಟ್ಟೂ ಒಂದೇ ಅಚ್ಚಿನದು, ಜೀವ ಇಲ್ಲ. ಉರುಳಿಕೆಗೆ ಮ್ಯಾತ್ಸ್‌ನ 4ನೇ ಚಾನೆಲ್ ಸೈಕಲ್ ಮಾಡಿ ಎಂಡ್ ಆಫ್ ಸೈಕಲ್‌ನಿಂದ ಟ್ರಿಗರ್ ತೆಗೆದರೆ ಮೊದಲ ಪೆಟ್ಟು ಯಾವಾಗಲೂ ತಡ. ಮದ್ದಳೆಯ ಹಾಗೆ ಕೇಳಲಿ ಅಂತ ಫಿಲ್ಟರನ್ನು ಪಿಂಗ್ ಮಾಡಿದರೆ (ಟ್ರಿಗರ್‌ನಿಂದ ತಟ್ಟಿ ಮೊಳಗಿಸಿದರೆ) ಒಂದು ಟ್ರಿಗರ್‌ಗೆ ಎರಡು ಶಬ್ದ. ಸಾಲದ್ದಕ್ಕೆ ಲ್ಯಾಪ್‌ಟಾಪ್‌ಗೆ ರೆಕಾರ್ಡ್ ಮಾಡುವಾಗ ಗುಂಯ್ ಅಂತ ಹಮ್, ಮಳೆಗಾಲದಲ್ಲಿ ಕೆಲವು ಜ್ಯಾಕ್‌ಗಳ ಕರಕರ.

ಇನ್ನೊಂದು ಆಸಿಲೇಟರ್ ಅಥವಾ ರಿಂಗ್ಸ್ ಎಂಬ ರೆಸೊನೇಟರ್ ಮಾಡ್ಯೂಲ್‌ನ ಕ್ಲೋನ್ ತೆಗೆದುಕೊಳ್ಳುವ ಅಂತ ಉಂಟು. ಎಂತ ಹೇಳ್ತೀರಿ?

ಚಂದ್ರಗಿರಿ_ವೋಲ್ಟ್

ಆಸಿಲೇಟರ್ ಈಗ ಬೇಡವೇ ಬೇಡ ಮಾರಾಯ್ರೆ. ನಿಮ್ಮ ಪೆಟ್ಟಿಗೆಯಲ್ಲಿ ಶಬ್ದದ ಮೂಲಕ್ಕೆ ಕೊರತೆ ಇಲ್ಲ, ವೋಲ್ಟೇಜನ್ನು ಹದ ಮಾಡುವ ಮಾಡ್ಯೂಲ್‌ಗಳಿಗೆ ಕೊರತೆ.

ಮೊದಲು ಪೆಟ್ಟು. ಬಾಸ್ ಡ್ರಮ್ ಮಾಡೆಲ್ ಬಿಟ್ಟು ಮೋಡಲ್ ರೆಸೊನೇಟರ್ ಮಾಡೆಲ್‌ಗೆ ಹೋಗಿ. ಅದರಲ್ಲಿ ಹಾರ್ಮೋನಿಕ್ಸ್ ನಾಬ್ ವಸ್ತುವಿನ ಗುಣ ಬದಲಿಸ್ತದೆ, ಟಿಂಬರ್ ಪೆಟ್ಟಿನ ಹೊಳಪು, ಮಾರ್ಫ್ ನಾದ ಎಷ್ಟು ಹೊತ್ತು ನಿಲ್ಲಬೇಕು ಎಂಬುದು. ಚೆಂಡೆಗೆ ಮಾರ್ಫ್ ಕೆಳಗೆ, ಟಿಂಬರ್ ಮೇಲೆ. ಹಾರ್ಮೋನಿಕ್ಸನ್ನು ನಿಧಾನಕ್ಕೆ ತಿರುಗಿಸಿ ಕಿವಿಯಲ್ಲೇ ಹುಡುಕಿ. ಲೋಹದ ಗಂಟೆಯಾಗುವ ಮೊದಲೇ ನಿಲ್ಲಿಸಬೇಕು. ಈ ಮಾಡೆಲ್‌ನಲ್ಲಿ ಆಕ್ಸ್ ಔಟ್‌ಪುಟ್‌ನಿಂದ ಬರುವುದು ರೆಸೊನೇಟರ್ ಒಳಗೆ ಹೋಗುವ ಹಸಿ ಪೆಟ್ಟು. ಅದನ್ನು ಮುಖ್ಯ ಔಟ್‌ಪುಟ್ ಜೊತೆ ತುಸುವೇ ಬೆರೆಸಿದರೆ ಕೋಲು ತೊಗಲಿಗೆ ತಾಗಿದ ಸದ್ದು ಸಿಗ್ತದೆ. ಹೆಚ್ಚಿನವರು ಆ ಜ್ಯಾಕ್ ಮುಟ್ಟುವುದೇ ಇಲ್ಲ.

ಟ್ರಿಗ್ ಜ್ಯಾಕ್‌ಗೆ ಕೇಬಲ್ ಇದ್ದು ಎಫ್‌ಎಂ ಜ್ಯಾಕ್ ಖಾಲಿ ಇದ್ದರೆ, ಎಫ್‌ಎಂನ ಅಟೆನ್ಯುವರ್ಟರ್ (ವೋಲ್ಟೇಜನ್ನು ತಗ್ಗಿಸುವ, ತಲೆಕೆಳಗು ಮಾಡುವ ನಾಬ್) ಒಳಗಿನ ಇಳಿಯುವ ಎನ್ವಲಪ್‌ನ (ಹೊತ್ತಿನ ಜೊತೆ ಬದಲಾಗುವ ವೋಲ್ಟೇಜ್) ಪ್ರಮಾಣವಾಗ್ತದೆ. ಅದನ್ನು ನಡುವಿನಿಂದ ಕೂದಲೆಳೆಯಷ್ಟು ಬಲಕ್ಕೆ ಸರಿಸಿ. ಪೆಟ್ಟು ಬಿದ್ದ ಕ್ಷಣ ಸ್ವರ ಮೇಲಿದ್ದು ಕೂಡಲೇ ಕೆಳಗಿಳೀತದೆ, ಬಿಗಿದ ತೊಗಲಿನ ಗುಣ ಬರ್ತದೆ. ಹೆಚ್ಚಾದರೆ ಕಾರ್ಟೂನ್ ಸದ್ದು. ಇದಕ್ಕೆ ಮ್ಯಾತ್ಸ್ ಖರ್ಚು ಮಾಡಬೇಡಿ.

ಒಂದೇ ಅಚ್ಚಿನ ಪೆಟ್ಟಿಗೆ ಮದ್ದು ಲೆವೆಲ್ ಇನ್‌ಪುಟ್. ಡ್ರಮ್, ಸ್ಟ್ರಿಂಗ್, ಮೋಡಲ್ ಮಾಡೆಲ್‌ಗಳಲ್ಲಿ ಟ್ರಿಗ್‌ಗೆ ಕೇಬಲ್ ಇದ್ದಾಗ ಲೆವೆಲ್ ಅಂದರೆ ಆಕ್ಸೆಂಟ್. ಪ್ಯಾಮ್‌ನ ಇನ್ನೊಂದು ಔಟ್‌ಪುಟ್ಟನ್ನು ರ್ಯಾಂಡಮ್ ವೇವ್‌ಫಾರ್ಮ್‌ಗೆ ಹಾಕಿ ಅಲ್ಲಿಗೆ ಕೊಡಿ, ಆದರೆ ಆಫ್‌ಸೆಟ್ ಏರಿಸಿ ಲೆವೆಲ್ ತಗ್ಗಿಸಿ. ಸೊನ್ನೆಯಿಂದ ಪೂರ್ತಿ 5 ವೋಲ್ಟ್‌ವರೆಗೆ ಓಡಾಡಿದರೆ ಅರ್ಧಕ್ಕರ್ಧ ಪೆಟ್ಟು ಕಳೆದುಹೋಗ್ತದೆ.

ಇನ್ನು ಉರುಳಿಕೆ. 4ನೇ ಚಾನೆಲ್‌ನ ಎಂಡ್ ಆಫ್ ಸೈಕಲ್ ವಿಶ್ರಾಂತಿಯಲ್ಲಿ ಇರುವಾಗಲೇ ಹೈ. ಸೈಕಲ್ ಶುರುವಾದಾಗ ಅದು ಲೋ ಆಗಿ, ಒಂದು ಸುತ್ತು ಮುಗಿದ ಮೇಲೆ ಮತ್ತೆ ಹೈ. ನಿಮ್ಮ ಮೊದಲ ಪೆಟ್ಟು ಸರಿಯಾಗಿ ಒಂದು ಸುತ್ತು ತಡವಾಗುವುದು ಹಾಗಾಗಿ. 1ನೇ ಚಾನೆಲ್‌ನ ಎಂಡ್ ಆಫ್ ರೈಸ್ ಇದಕ್ಕೆ ಉಲ್ಟಾ: ವಿಶ್ರಾಂತಿಯಲ್ಲಿ ಲೋ, ರೈಸ್ (ವೋಲ್ಟೇಜಿನ ಏರಿಕೆ) ಮುಗಿದ ಕೂಡಲೇ ಹೈ. ಆದ್ದರಿಂದ ಚಾನೆಲ್ ಅದಲುಬದಲು ಮಾಡಿ.

ಪ್ಯಾಮ್‌ನ ಗೇಟನ್ನು (ಸ್ವಲ್ಪ ಹೊತ್ತು ಹೈ ಆಗಿ ನಿಲ್ಲುವ ವೋಲ್ಟೇಜ್) ಎರಡು ದಾರಿ ಮಾಡಿ, ಒಂದು 1ನೇ ಚಾನೆಲ್‌ನ ಸೈಕಲ್ ಇನ್‌ಪುಟ್‌ಗೆ, ಇನ್ನೊಂದು 4ನೇ ಚಾನೆಲ್‌ನ ಟ್ರಿಗರ್ ಇನ್‌ಪುಟ್‌ಗೆ. 1ರಲ್ಲಿ ರೈಸ್ ಬಹುತೇಕ ಸೊನ್ನೆ, ಫಾಲ್ (ಇಳಿಕೆ) ಪೆಟ್ಟುಗಳ ನಡುವಿನ ಅಂತರ. 4ರಲ್ಲಿ ರೈಸ್ ಉರುಳಿಕೆಯ ಉದ್ದದಷ್ಟು, ಫಾಲ್ ಸೊನ್ನೆ. 4ರ ಅಟೆನ್ಯುವರ್ಟರ್ ಔಟ್‌ಪುಟ್ಟನ್ನು 1ರ ಬೋತ್ ಇನ್‌ಪುಟ್‌ಗೆ ಕೊಡಿ. ಎಂಡ್ ಆಫ್ ರೈಸ್ ಪ್ಲೇಟ್ಸ್‌ನ ಟ್ರಿಗ್‌ಗೆ. ಬೋತ್‌ಗೆ ಪಾಸಿಟಿವ್ ವೋಲ್ಟೇಜ್ ಕೊಟ್ಟರೆ ವೇಗ ಏರ್ತದೆ, ರೈಸ್ ಅಥವಾ ಫಾಲ್‌ನ ಸಿವಿ (ನಿಯಂತ್ರಣ ವೋಲ್ಟೇಜ್) ಇನ್‌ಪುಟ್‌ಗೆ ಅದೇ ವೋಲ್ಟೇಜ್ ಕೊಟ್ಟರೆ ನಿಧಾನ ಆಗ್ತದೆ. ಮ್ಯಾತ್ಸ್‌ನಲ್ಲಿ ತುಂಬ ಜನ ಎಡವುವ ಜಾಗ ಇದು. ಬೋತ್‌ನದ್ದು ಎಕ್ಸ್‌ಪೊನೆನ್ಷಿಯಲ್ ಪ್ರತಿಕ್ರಿಯೆ, ಹಾಗಾಗಿ ಕೊನೆಕೊನೆಗೆ ಏರುವ ರಭಸವೂ ಉರುಳಿಕೆಗೆ ಒಪ್ಪುತ್ತದೆ. ಅಟೆನ್ಯುವರ್ಟರನ್ನು 1 ಗಂಟೆಯ ಸ್ಥಾನದಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪ ತನ್ನಿ.

1ರ ರೈಸನ್ನು ಪೂರ್ತಿ ಸೊನ್ನೆ ಮಾಡಬೇಡಿ. ಎಂಡ್ ಆಫ್ ರೈಸ್ ಲೋ ಆಗಿರುವುದು ರೈಸ್ ನಡೆಯುವಷ್ಟು ಹೊತ್ತು ಮಾತ್ರ. ಅದು ತೀರಾ ಕಿರಿದಾದರೆ ಡಿಜಿಟಲ್ ಮಾಡ್ಯೂಲ್‌ನ ಟ್ರಿಗರ್ ಇನ್‌ಪುಟ್‌ಗೆ ಕಾಣದೆ ಪೆಟ್ಟು ತಪ್ಪಬಹುದು.

ಅಕ್ಕಲಕೋಟ_ಆಸಿಲೇಟರ್

ಫಿಲ್ಟರ್ ಎರಡ ಸಲ ಬಡಿಯೂದಕ್ಕ ಕಾರಣ ಸರಳ ಐತ್ರಿ. ಟ್ರಿಗರ್ ಅಲ್ಲ, ನೀವು ಗೇಟ್ ಕೊಡಾಕತ್ತೀರಿ. ಪಿಂಗ್ ಆಗೂದು ವೋಲ್ಟೇಜ್ ಒಮ್ಮೆಲೆ ಬದಲಾದಾಗ, ಏರಿದಾಗೊಮ್ಮೆ, ಇಳಿದಾಗೊಮ್ಮೆ. 120 ಬಿಪಿಎಂ, ×1, ವಿಡ್ತ್ 50 ಇದ್ರ ಗೇಟ್ 250 ಮಿಲಿಸೆಕೆಂಡ್ ಮ್ಯಾಲಿರ್ತದ, ಎರಡನೇ ಸದ್ದು ಅಷ್ಟು ತಡಾ ಆಗಿ ಬರ್ತದ. ವಿಡ್ತ್ 1ಕ್ಕ ಇಳಿಸಿದ್ರ 5 ಮಿಲಿಸೆಕೆಂಡ್. ಎರಡೂ ಪೆಟ್ಟು ಕೂಡಿ ಒಂದಾಗಿ ಕೇಳ್ತಾವ.

ರೆಸೊನೆನ್ಸ್ ಪೂರ್ತಿ ಏರಿಸಿ, ಫಿಲ್ಟರ್ ತಾನ ಹಾಡಾಕ ಶುರು ಮಾಡಿದ ಜಾಗಾ ಗುರುತು ಹಿಡೀರಿ, ಅಲ್ಲಿಂದ ಒಂಚೂರು ಹಿಂದಕ್ಕ ತರ್ರಿ. ಅಲ್ಲೇ ಮದ್ದಳಿ ಐತಿ. ಕಟ್‌ಆಫ್‌ನಿಂದ ಶ್ರುತಿ ಕೂಡಿಸ್ರಿ. ಆದ್ರ ರ್ಯಾಕ್ ಆನ್ ಮಾಡಿ 20–30 ನಿಮಿಷ ಬಿಟ್ಟು ಕೂಡಿಸ್ರಿ, ಅನಲಾಗ್ ಫಿಲ್ಟರ್ ಕಾಯುವತನಕ ಸ್ವರ ಜರಗತದ. ಟ್ರಿಗರ್ 5 ವೋಲ್ಟ್ ನೇರ ಹೊಡೆದ್ರ ಕೆಲವು ಫಿಲ್ಟರ್‌ನಾಗ ಬರೇ ಕ್ಲಿಕ್ ಜೋರಾಗಿ ಕೇಳ್ತದ. ವಿಸಿಎದ ಒಂದು ಅರ್ಧದಾಗಿಂದ ದಾಟಿಸಿ ಇಳಿಸ್ರಿ. ಎ-132-3ದಾಗ ಲೀನಿಯರ್-ಎಕ್ಸ್‌ಪೊನೆನ್ಷಿಯಲ್ ಸ್ವಿಚ್ ಐತಿ. ಸಿವಿ, ಟ್ರಿಗರ್ ಹಾಯಿಸಾಕ ಲೀನಿಯರ್ ಇಡ್ರಿ. ಬೇರೆ ವಿಸಿಎ ಕೊಳ್ಳೂದಾದ್ರ ಡಿಸಿ ಕಪಲ್ಡ್ ಐತೇನು ಅಂತ ಮೊದಲ ಕೇಳ್ರಿ, ಎಸಿ ಕಪಲ್ಡ್ ಇದ್ರ ಸಿವಿ ಹಾಯೂದಿಲ್ಲ.

ಗೇಟ್ ಎರಡು ಕಡೆ ಹಂಚೂದಕ್ಕ ಸಾದಾ ಪ್ಯಾಸಿವ್ ಮಲ್ಟಿಪಲ್ ಸಾಕು. ಪಿಚ್ ಸಿವಿಗೆ ಬ್ಯಾಡ. ಔಟ್‌ಪುಟ್‌ನಾಗ 1 ಕಿಲೋ ಓಮ್ ಇದ್ದು, ಇನ್‌ಪುಟ್ 100 ಕಿಲೋ ಓಮ್ ಇದ್ರ, ಎರಡನೇ ಇನ್‌ಪುಟ್ ಹಚ್ಚಿದ ಕೂಡಲೇ ವೋಲ್ಟ್‌ಗೆ ಸುಮಾರು 10 ಮಿಲಿವೋಲ್ಟ್ ಬೀಳ್ತದ. ಅಂದ್ರ ಆಕ್ಟೇವ್‌ಗೆ 12 ಸೆಂಟ್. ಮೂರನೇ ಆಕ್ಟೇವ್‌ಗೆ ಹೋದಾಗ 36 ಸೆಂಟ್ ಅಪಶ್ರುತಿ. ಅಲ್ಲಿ ಬಫರ್ಡ್ ಮಲ್ಟಿಪಲ್ ಬೇಕು.

ಪೆರ್ಲ_ಪ್ಯಾಚ್

ಇಬ್ಬರಿಗೂ ಧನ್ಯವಾದ. ಪಿಂಗ್ ಸರಿಯಾಯಿತು, ಉರುಳಿಕೆಯ ಮೊದಲ ಪೆಟ್ಟೂ ಸಮಯಕ್ಕೆ ಬಂತು. ಆದರೆ ಉರುಳಿಕೆ ಮುಗಿದು ತಾಳದ ಮೊದಲ ಅಕ್ಷರಕ್ಕೆ ಗಟ್ಟಿಯಾಗಿ ಇಳಿಯಬೇಕಲ್ಲ, ಅದು ಬರುವುದಿಲ್ಲ. ಪ್ಯಾಮ್‌ನ ಇನ್ನೊಂದು ಟ್ರಿಗರನ್ನು ಎಂಡ್ ಆಫ್ ರೈಸ್ ಜೊತೆಗೆ ಮಲ್ಟಿಪಲ್‌ನಲ್ಲಿ ಸೇರಿಸಿದರೆ ಎರಡೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಮತ್ತೆ ತ್ರಿವುಡೆ, ಝಂಪೆ ಕೂರಿಸುವುದು ಹೇಗೆ?

ಚಂದ್ರಗಿರಿ_ವೋಲ್ಟ್

ಎರಡು ಔಟ್‌ಪುಟ್‌ಗಳನ್ನು ಮಲ್ಟಿಪಲ್‌ನಲ್ಲಿ ಕೂಡಿಸಲೇಬಾರದು. ಒಂದು ಮೇಲಕ್ಕೆ ಎಳೆದರೆ ಇನ್ನೊಂದು ಕೆಳಕ್ಕೆ ಎಳೀತದೆ. ಎರಡಕ್ಕೂ ಒಂದೇ ರೆಸಿಸ್ಟನ್ಸ್ ಇದ್ದರೆ 5 ವೋಲ್ಟ್ ಮತ್ತು 0 ಸೇರಿ 2.5 ಆಗ್ತದೆ, ಅದು ಟ್ರಿಗರ್ ಅಂತ ಲೆಕ್ಕಕ್ಕೆ ಬಂದರೆ ಬಂತು.

ನಿಮ್ಮ ಮ್ಯಾತ್ಸ್‌ನಲ್ಲಿ 2, 3ನೇ ಚಾನೆಲ್ ಸುಮ್ಮನೆ ಕೂತಿವೆ. ಎಂಡ್ ಆಫ್ ರೈಸನ್ನು 2ರ ಇನ್‌ಪುಟ್‌ಗೆ, ಮೊದಲ ಅಕ್ಷರದ ಟ್ರಿಗರನ್ನು 3ರ ಇನ್‌ಪುಟ್‌ಗೆ ಹಾಕಿ, ಎರಡೂ ನಾಬ್ ಪೂರ್ತಿ ಬಲಕ್ಕೆ. ಮ್ಯಾತ್ಸ್‌ನ ಆರ್ (OR, ಬಂದವುಗಳಲ್ಲಿ ಹೆಚ್ಚಿನ ವೋಲ್ಟೇಜ್ ಕೊಡುವ) ಔಟ್‌ಪುಟ್ಟನ್ನು ಪ್ಲೇಟ್ಸ್‌ನ ಟ್ರಿಗ್‌ಗೆ. 1ರ ಅಟೆನ್ಯುವರ್ಟರ್ ಸರಿಯಾಗಿ 12 ಗಂಟೆಗೆ ಇರಲಿ, ಇಲ್ಲದಿದ್ರೆ ಅದರ ಎನ್ವಲಪ್ಪೂ ಆರ್ ಒಳಗೆ ಬರ್ತದೆ. 4ರ ಔಟ್‌ಪುಟ್‌ಗೆ ಆಗಲೇ ಕೇಬಲ್ ಇರುವುದರಿಂದ ಅದು ಒಳಗಿನ ಕೂಡಿಕೆಯಿಂದ ತಾನಾಗಿ ಹೊರಗೆ. 2 ಮತ್ತು 3ರ ಇನ್‌ಪುಟ್‌ಗಳಲ್ಲಿ ಕೇಬಲ್ ಇಲ್ಲದಿದ್ದರೆ ಅಲ್ಲಿ 10 ಮತ್ತು 5 ವೋಲ್ಟ್ ನಿಂತಿರ್ತದೆ. ಒಂದು ಕೇಬಲ್ ಕಿತ್ತರೂ ಆರ್ ಸದಾ ಹೈ, ಮತ್ತೆ ಪೆಟ್ಟೇ ಇಲ್ಲ. ಅದು ಹಾಳಾದದ್ದಲ್ಲ.

ಇಲ್ಲಿ ಒಂದು ಗುಂಡಿ ಉಂಟು. ಎಂಡ್ ಆಫ್ ರೈಸ್ ಫಾಲ್ ಮುಗಿಯುವವರೆಗೆ ಹೈ ಆಗಿಯೇ ಇರ್ತದೆ. ಆ ಹೊತ್ತಿಗೆ ಮೊದಲ ಅಕ್ಷರದ ಟ್ರಿಗರ್ ಬಂದರೆ ಆರ್‌ನಲ್ಲಿ ಹೊಸ ಏರಿಕೆ ಇಲ್ಲ, ಪೆಟ್ಟು ನುಂಗಿಹೋಗ್ತದೆ. ಗೇಟ್ ಇಳಿದರೂ ಮ್ಯಾತ್ಸ್ ನಡೆಯುತ್ತಿರುವ ಸುತ್ತನ್ನು ಮುಗಿಸಿಯೇ ನಿಲ್ಲುವುದು. ಆದ್ದರಿಂದ ಗೇಟ್ ತುಸು ಮೊದಲೇ ಮುಗಿಯಬೇಕು. ಏಕತಾಳದ 4 ಅಕ್ಷರಕ್ಕೆ ಗೇಟಿನ ಔಟ್‌ಪುಟ್ಟನ್ನು /4 ಮಾಡಿ, ಫೇಸ್ 50, ವಿಡ್ತ್ 45. ಅರ್ಧ ಆವರ್ತಕ್ಕೆ ಉರುಳಿಕೆ ಶುರು, 95ನೇ ಶೇಕಡಕ್ಕೆ ಗೇಟ್ ಬಂದ್. 120 ಬಿಪಿಎಂನಲ್ಲಿ ಆವರ್ತ 2 ಸೆಕೆಂಡ್, ಅಂದರೆ 100 ಮಿಲಿಸೆಕೆಂಡ್ ಖಾಲಿ ಸಿಗ್ತದೆ. ಕೊನೆಯ ಪೆಟ್ಟುಗಳ ಅಂತರ ಅದಕ್ಕಿಂತ ಕಡಿಮೆ ಇದ್ದರೆ ಸಾಕು. ಆ ಸಣ್ಣ ಬಿಡುವಿನಿಂದ ಇಳಿಯುವ ಪೆಟ್ಟಿಗೆ ತೂಕವೂ ಬರ್ತದೆ. 4ರ ರೈಸನ್ನು ಸುಮಾರು 0.9 ಸೆಕೆಂಡ್‌ಗೆ ಕೂರಿಸಿ. ಗೇಟ್ ಮುಗಿಯುವ ಮೊದಲೇ ಅದು ಕೆಳಗೆ ಬಿದ್ದರೆ ಉರುಳಿಕೆ ಕೊನೆಯಲ್ಲಿ ದಿಢೀರ್ ನಿಧಾನ ಆಗ್ತದೆ.

ತ್ರಿವುಡೆಯ 7 ಅಕ್ಷರಕ್ಕೆ ಪ್ಯಾಮ್‌ನ ಯುಕ್ಲಿಡಿಯನ್‌ನಲ್ಲಿ 7 ಸ್ಟೆಪ್, 3 ಟ್ರಿಗ್. 2+2+3 ಬಂದರೆ 3+2+2 ಆಗುವವರೆಗೆ ರೊಟೇಶನ್ ಬದಲಿಸಿ. ಝಂಪೆಗೆ ಅದು ಆಗಲಿಕ್ಕಿಲ್ಲ. 10 ಸ್ಟೆಪ್‌ಗೆ 4 ಟ್ರಿಗ್ ಹಾಕಿದರೆ 3 ಮತ್ತು 2 ಸರದಿಯಲ್ಲಿ ಬರ್ತವೆ, ಚಂದವೇ, ಆದರೆ ಮಿಶ್ರ ಝಂಪೆಯ 7+1+2 ಅಲ್ಲ. ಯುಕ್ಲಿಡಿಯನ್ ಹಂಚುವುದೇ ಆದಷ್ಟು ಸಮವಾಗಿ. ಮೂರು ಔಟ್‌ಪುಟ್ ತೆಗೆದು, ಮೂರಕ್ಕೂ 10 ಸ್ಟೆಪ್, 1 ಟ್ರಿಗ್ ಕೊಟ್ಟು ರೊಟೇಶನ್‌ನಿಂದ 1, 8, 9ನೇ ಅಕ್ಷರಕ್ಕೆ ಬೀಳಿಸಿ. ಮೊದಲನೆಯದು ಪ್ಲೇಟ್ಸ್‌ಗೆ, ಉಳಿದೆರಡು ಕೂಡಿಸಿ ಫಿಲ್ಟರ್‌ಗೆ. ಕೂಡಿಸಲಿಕ್ಕೆ ಮಿಕ್ಸರ್ ಅಥವಾ ಲಾಜಿಕ್ ಬೇಕು, ಮ್ಯಾತ್ಸ್ ಆಗಲೇ ತುಂಬಿದೆ.

ಹೊಸೂರು_ಸರ್ಕ್ಯೂಟ್

ಹಮ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಹಮ್ ಹೋದರೆ ಗ್ರೌಂಡ್ ಲೂಪ್. ರ್ಯಾಕ್, ಲ್ಯಾಪ್‌ಟಾಪ್, ಸ್ಪೀಕರ್ ಎಲ್ಲ ಒಂದೇ ಸಾಕೆಟ್‌ನ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ. ಆಗಲೂ ಇದ್ದರೆ ಔಟ್‌ಪುಟ್ ಮತ್ತು ಇಂಟರ್‌ಫೇಸ್ ನಡುವೆ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್. ಅರ್ತ್ ಪಿನ್ ಮುರಿಯುವ ಬುದ್ಧಿವಂತಿಕೆ ಮಾತ್ರ ಬೇಡ, ಅದು ಜೀವಕ್ಕೆ ಅಪಾಯ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಇದ್ದಾಗ ಮಾತ್ರ ಝರ್ ಅನ್ನುತ್ತಿದ್ದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನ ಸದ್ದು. ಪ್ಯಾಚ್‌ನಲ್ಲಿ ಹುಡುಕಿ ಫಲವಿಲ್ಲ.

ಕರಕರ ಬಗ್ಗೆ. ಸಮುದ್ರದ ಉಪ್ಪುಗಾಳಿ, ಮಳೆಗಾಲದ ತೇವ ಎರಡೂ ಇರುವ ಊರಿನಲ್ಲಿ 3.5 ಮಿ.ಮೀ. ಜ್ಯಾಕ್‌ನ ಒಳಗಿನ ಸ್ವಿಚ್ ಮೊದಲು ಕೈಕೊಡುತ್ತದೆ. ಕೇಬಲ್ ಇಲ್ಲದಾಗ ಡೀಫಾಲ್ಟ್ ಸಂಪರ್ಕ ಕೊಡುವುದು ಆ ಸ್ವಿಚ್ಚೇ. ಪ್ಲೇಟ್ಸ್‌ನಲ್ಲಿ ಟ್ರಿಗ್ ಜ್ಯಾಕ್‌ನದು ಕೆಟ್ಟರೆ ಕೇಬಲ್ ಇಲ್ಲದಿದ್ದರೂ ಇದೆ ಎಂದೇ ಮಾಡ್ಯೂಲ್ ತಿಳಿಯುತ್ತದೆ, ಟ್ರಿಗರ್‌ಗೆ ಕಾಯುತ್ತಾ ಮೌನವಾಗುತ್ತದೆ. ಪವರ್ ತೆಗೆದು, ಪ್ಲಗ್‌ಗೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಸವರಿ, ಹತ್ತಿಪ್ಪತ್ತು ಸಲ ಚುಚ್ಚಿ ತೆಗೆಯಿರಿ. ಪ್ಯಾನೆಲ್ ಮೇಲೆ ನೇರ ಸ್ಪ್ರೇ ಮಾಡಬೇಡಿ. ಬಳಸದಾಗ ಮುಚ್ಚಳ ಹಾಕಿ, ಒಳಗೆ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದಾಗ ಒಣಗಿಸಿ.

ಹೊಸ ಮಾಡ್ಯೂಲ್ ಕೂರಿಸುವ ಮೊದಲು +12 ಮತ್ತು −12ರ ಮಿಲಿಆಂಪ್‌ಗಳನ್ನು ಬೇರೆಬೇರೆಯಾಗಿ ಕೂಡಿ. ಸಪ್ಲೈ ಸಾಮರ್ಥ್ಯದ ಶೇ. 80 ದಾಟದಿರಲಿ. ರಿಬ್ಬನ್ ಕೇಬಲ್‌ನ ಕೆಂಪು ಗೆರೆ −12ರ ಕಡೆಗೆ. ಕವಚವಿಲ್ಲದ ಹೆಡರ್‌ನಲ್ಲಿ ಒಂದು ಸಾಲು ಪಿನ್ ಸರಿದು ಕೂತರೂ ಮಾಡ್ಯೂಲ್ ಸುಡಬಹುದು. ಟಾರ್ಚ್ ಹಾಕಿ ನೋಡಿಯೇ ಸ್ವಿಚ್ ಒತ್ತಿ.

ಅಕ್ಕಲಕೋಟ_ಆಸಿಲೇಟರ್

24 ಎಚ್‌ಪಿ ಲೆಕ್ಕಾ ನಾ ಹೇಳ್ತೀನಿ. ಕಿಂಕ್ಸ್ ಜಾತಿಯ 4 ಎಚ್‌ಪಿ ಒಂದು ತಗೋರಿ. ಮ್ಯಾಕ್ಸ್-ಮಿನ್ ಲಾಜಿಕ್, ರೆಕ್ಟಿಫೈಯರ್, ಸ್ಯಾಂಪಲ್ ಆಂಡ್ ಹೋಲ್ಡ್ ಮೂರೂ ಅದ್ರಾಗ ಅದಾವ. ಝಂಪೆಯ ಆ ಎರಡು ಟ್ರಿಗರ್ ಮ್ಯಾಕ್ಸ್‌ನಾಗ ಕೂಡ್ತಾವ. ಸ್ಯಾಂಪಲ್ ಆಂಡ್ ಹೋಲ್ಡ್‌ನ ಇನ್‌ಪುಟ್‌ಗೆ ಏನೂ ಹಚ್ಚದಿದ್ರ ಒಳಗಿನ ನಾಯ್ಸ್ ಬರ್ತದ. ಅದಕ್ಕ ಚೆಂಡಿಯ ಟ್ರಿಗರ್ ಕೊಟ್ಟು, ಔಟ್‌ಪುಟ್ ಪ್ಲೇಟ್ಸ್‌ನ ಟಿಂಬರ್‌ಗೆ ಹಚ್ರಿ, ಅಟೆನ್ಯುವರ್ಟರ್ ಒಂಚೂರು ತೆರೀರಿ. ಪ್ರತಿ ಪೆಟ್ಟಿನ ಹೊಳಪು ಬ್ಯಾರೆ ಆಗ್ತದ. ಇದನ್ನ ಮಾಡ್ತಿದ್ದ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 2022ರಾಗ ಬಂದ್ ಆತು, ಆದ್ರ ವಿನ್ಯಾಸ ಓಪನ್ ಸೋರ್ಸ್ ಇರೂದ್ರಿಂದ ಕ್ಲೋನ್ ಸಿಗ್ತಾವ. ಅದಾದಮ್ಯಾಲ 12 ಎಚ್‌ಪಿಯ ಕ್ವಾಡ್ ವಿಸಿಎ ಒಂದು. ಈಗಿನ ಎರಡು ವಿಸಿಎ ಪಿಂಗ್‌ಗೊಂದು, ಆಕ್ಸ್ ಬೆರೆಸೂದಕ್ಕೊಂದು ಮುಗಿದು ಹೋದಾವ. ಮಿಕ್ಸ್ ಔಟ್‌ಪುಟ್ ಇರೂದ ನೋಡಿ ತಗೋರಿ, ಚೆಂಡಿ-ಮದ್ದಳಿ ಅಲ್ಲೇ ಕೂಡ್ತಾವ. ಉಳಿದ 8 ಎಚ್‌ಪಿಗೆ ಬ್ಲ್ಯಾಂಕ್ ಪ್ಯಾನೆಲ್ ಹಾಕ್ರಿ. ರಿಂಗ್ಸ್ ಛಲೋ ಮಾಡ್ಯೂಲ್ ಖರೇ, ಆದ್ರ ಮೋಡಲ್ ಕೆಲಸ ಪ್ಲೇಟ್ಸ್‌ನಾಗೇ ನಡದೈತಲ್ಲ.

ದುಡ್ಡು ಹಾಕೂಕಿಂತ ಮೊದಲ ಕಂಪ್ಯೂಟರ್‌ನಾಗ ನಡಿಯೋ ವಿಸಿವಿ ರ್ಯಾಕ್‌ನಾಗ ಇದನ್ನೆಲ್ಲಾ ಕಟ್ಟಿ ನೋಡ್ರಿ, ಪುಕ್ಕಟ ಐತಿ. ಆಡಿಬಲ್ ಇನ್‌ಸ್ಟ್ರುಮೆಂಟ್ಸ್‌ನ ಮ್ಯಾಕ್ರೋ ಆಸಿಲೇಟರ್ 2 ಅಂದ್ರ ಪ್ಲೇಟ್ಸೇ. ಮ್ಯಾತ್ಸ್ ಬದಲಿ ಬೆಫಾಕೋದ ರ್ಯಾಂಪೇಜ್ ನಡೀತದ, ಆದ್ರ ಜ್ಯಾಕ್‌ಗಳ ಹೆಸರು ಬ್ಯಾರೆ, ಮ್ಯಾತ್ಸ್‌ನ 2, 3ನೇ ಚಾನೆಲ್‌ನಂಥಾವು ಅದ್ರಾಗ ಇಲ್ಲ. ಎರಡು ಫರಕ್ ನೆನಪಿಡ್ರಿ: ಅಲ್ಲಿ ಪ್ರತಿ ಕೇಬಲ್‌ಗೆ ಒಂದು ಸ್ಯಾಂಪಲ್ ತಡಾ ಇರ್ತದ, ಅದಕ್ಕ ಫೀಡ್‌ಬ್ಯಾಕ್ ಪ್ಯಾಚ್ ನಿಜವಾದ ರ್ಯಾಕ್‌ನಾಗ ಹಂಗ ಕೇಳೂದಿಲ್ಲ. ಮತ್ತ ವೋಲ್ಟೇಜ್ 12ಕ್ಕ ತಾನಾಗಿ ಕತ್ತರಿಸೂದಿಲ್ಲ. ಅಲ್ಲಿ ಸ್ವಚ್ಛ ಕೇಳಿದ್ದು ಇಲ್ಲಿ ಒಡದು ಕೇಳಿದ್ರ ಲೆವೆಲ್ ಇಳಿಸ್ರಿ, ಮಾಡ್ಯೂಲ್ ವಾಪಸ್ ಕಳಸಾಕ ಹೋಗಬ್ಯಾಡ್ರಿ.