ಲಿಂಕನ್ ಹೋಗ್ತಿದ್ದದ್ದು ಸರ್ಕೀಟಾ, ತಿರುಗಾಟನಾ?

ಎಲ್ರಿಗೂ ನಮಸ್ಕಾರ. ಅಬ್ರಹಾಂ ಲಿಂಕನ್ ಅಮೆರಿಕದ ಅಧ್ಯಕ್ಷ ಆಗೋಕೆ ಮುಂಚೆ ವಕೀಲಿಕೆ ಮಾಡ್ತಿದ್ದ ಕಾಲದ ಬಗ್ಗೆ ಒಂದು ಬರಹ ಕನ್ನಡಕ್ಕೆ ತರ್ತಾ ಇದೀನಿ, ಸಲೀಸಾಗೇ ಹೋಗ್ತಿತ್ತು, ‘ರೈಡಿಂಗ್ ದ ಸರ್ಕ್ಯೂಟ್’ ಅನ್ನೋ ಹತ್ರ ಬಂದು ಗಾಡಿ ನಿಂತುಬಿಟ್ಟಿದೆ.

ಆಗ ಅವನಿದ್ದ ಇಲಿನಾಯ್ ರಾಜ್ಯದಲ್ಲಿ ಒಂದೊಂದು ಕೌಂಟಿಗೆ (ನಮ್ಮ ಜಿಲ್ಲೆ ಥರ) ಒಬ್ಬೊಬ್ಬ ಜಡ್ಜ್ ಇರ್ತಿರಲಿಲ್ಲ, ಹಲವು ಕೌಂಟಿ ಸೇರಿ ಒಂದು ಸರ್ಕ್ಯೂಟ್, ಜಡ್ಜೇ ಒಂದೊಂದು ಕೌಂಟಿಗೂ ಹೋಗಿ ಕೋರ್ಟ್ ನಡೆಸೋರು. ಎಂಟನೇ ಸರ್ಕ್ಯೂಟಲ್ಲಿ ಒಂದು ಕಾಲಕ್ಕೆ 14 ಕೌಂಟಿ ಇದ್ವು, ಒಂದು ಸುತ್ತು ಮುಗಿಸೋಕೆ 400 ಮೈಲಿಗೂ ಜಾಸ್ತಿ, ವರ್ಷಕ್ಕೆ ಎರಡು ಸುತ್ತು. ಜಡ್ಜ್ ಡೇವಿಡ್ ಡೇವಿಸ್ ಮುಂದೆ, ಲಿಂಕನ್ ಥರದ ವಕೀಲರು ಕುದುರೆನೋ ಕುದುರೆಗಾಡಿನೋ ಹತ್ಕೊಂಡು ಹಿಂದೆ. ರಾತ್ರಿ ಛತ್ರದಂಥ ಹೋಟ್ಲಲ್ಲಿ ಒಂದೇ ಮಂಚಕ್ಕೆ ಇಬ್ಬಿಬ್ಬರು, ಡೇವಿಸ್ 300 ಪೌಂಡ್ ತೂಗೋ ಆಸಾಮಿ ಆದ್ರಿಂದ ಅವರಿಗೆ ಮಾತ್ರ ಬೇರೆ ಮಂಚ!

ಮೊದ್ಲು ಹೊಳೆದದ್ದು ನಮ್ಮ ‘ಸರ್ಕೀಟು’. ಅದೂ ಸರ್ಕ್ಯೂಟಿನ ಮಗನೇ. ಆದ್ರೆ ‘ಅಮಲ್ದಾರ್ರು ಸರ್ಕೀಟು ಬರ್ತಾರಂತೆ’ ಅಂದ್ರೆ ನಮ್ಮಜ್ಜಿ ಕಾಲದಲ್ಲಿ ಚಾವಡಿ ಗುಡಿಸಿ ನೀರು ಚಿಮುಕಿಸ್ತಿದ್ರಂತೆ, ಆ ಪದದಲ್ಲಿ ದರ್ಬಾರಿದೆ, ದಫೇದಾರ ಇದಾನೆ. ಡೇವಿಸ್‌ಗೆ ಒಪ್ಪಬಹುದು, ಕಕ್ಷಿದಾರನ್ನ ಹುಡುಕ್ಕೊಂಡು ಹೋಗೋ ವಕೀಲನಿಗೆ ಒಪ್ಪಲ್ಲ. 2008ರಲ್ಲಿ ಧಾರವಾಡ, ಗುಲ್ಬರ್ಗದಲ್ಲಿ ಹೈಕೋರ್ಟ್ ಪೀಠ ಶುರುವಾದಾಗ ಪೇಪರಿನೋರು ‘ಸಂಚಾರಿ ಪೀಠ’ ಅಂತ ಬರೀತಿದ್ರಲ್ಲ, ಅದೂ ಪೀಠದ ಮಾತಾಯ್ತು, ಹಿಂದೆ ಓಡಾಡೋರ ಮಾತಲ್ಲ.

ನನಗೆ ಇಷ್ಟವಾಗಿರೋದು ‘ತಿರುಗಾಟ’. ಕರಾವಳಿ ಕಡೆ ಯಕ್ಷಗಾನ ಮೇಳದ್ದು ಹೇಳ್ತಾರಲ್ಲ, ‘ಈ ವರ್ಷದ ತಿರುಗಾಟ ಮುಗೀತು’ ಅಂತ, ಆ ಅರ್ಥದಲ್ಲಿ. ಸೀಸನ್ ಇದೆ, ಊರಿಂದೂರಿಗೆ ಹೋಗೋದಿದೆ, ಜೊತೆಲಿ ಉಣ್ಣೋದು ಮಲಗೋದು ಇದೆ, ಸಾಲದ್ದಕ್ಕೆ ನೋಡೋಕೆ ಜನ ಸೇರೋದೂ ಇದೆ. ಕೋರ್ಟು ಬಂತು ಅಂದ್ರೆ ಆ ಊರಿಗೆ ಜಾತ್ರೆನೇ, ಹಗಲು ಕೇಸು, ಸಂಜೆ ಕತೆ, ರಾಜಕೀಯ. 1847ರಿಂದ 49ರವರೆಗೆ ಒಂದೇ ಅವಧಿ ಕಾಂಗ್ರೆಸ್‌ನಲ್ಲಿ, ಅಂದ್ರೆ ಅಮೆರಿಕದ ಸಂಸತ್ತಲ್ಲಿ ಇದ್ದು ವಾಪಸ್ ಬಂದ ಲಿಂಕನ್ ಮತ್ತೆ ಇದೇ ದಾರಿ ಹಿಡಿದ. 1854ರಲ್ಲಿ ಹೊಸ ಪ್ರದೇಶಗಳಿಗೂ ಗುಲಾಮಗಿರಿ ಹರಡೋಕೆ ದಾರಿ ಮಾಡಿಕೊಟ್ಟ ಕಾನ್ಸಾಸ್-ನೆಬ್ರಾಸ್ಕ ಕಾಯ್ದೆ ಬಂದು ರಾಜಕೀಯಕ್ಕೆ ಮರಳಿದಾಗ ಈ ಊರುಗಳ ಪರಿಚಯ ಅವನ ಕೈಲಿತ್ತು, 1860ರಲ್ಲಿ ರಿಪಬ್ಲಿಕನ್ ಪಕ್ಷದ ಶಿಕಾಗೋ ಅಧಿವೇಶನದಲ್ಲಿ ಅವನಿಗೆ ಅಧ್ಯಕ್ಷ ಚುನಾವಣೆಯ ಟಿಕೆಟ್ ಕೊಡಿಸೋಕೆ ಓಡಾಡಿದ ಮುಖ್ಯ ಮನುಷ್ಯ ಇದೇ ಡೇವಿಸ್ (1862ರಲ್ಲಿ ಲಿಂಕನ್ ಇವರನ್ನ ಸುಪ್ರೀಂ ಕೋರ್ಟಿಗೆ ನೇಮಿಸಿದ, ಅದಿರ್ಲಿ). ಹಾಗಾಗಿ ಬರೀ ‘ಪ್ರವಾಸ’ ಅಂತ ಹಾಕಿ ಕೈತೊಳ್ಕೊಳ್ಳೋಕೆ ಮನಸ್ಸಿಲ್ಲ.

ಪೇಚು ಏನಂದ್ರೆ ನಾವು ಮೈಸೂರು ಕಡೆಯೋರು. ‘ಅವನದು ಬರೀ ತಿರುಗಾಟ’ ಅಂದ್ರೆ ಇಲ್ಲಿ ಪೋಲಿ ಅಲೀತಾನೆ ಅಂತಲೇ ಅರ್ಥ, ‘ಲಿಂಕನ್ನನ ತಿರುಗಾಟ’ ಅಂತ ತಲೆಬರಹ ಹಾಕಿದ್ರೆ ಓದೋರು ಮುಸಿಮುಸಿ ನಗ್ತಾರೆ. ‘ಕೋರ್ಟ್ ತಿರುಗಾಟ’ ಅಂತ ಜೋಡಿಸಿದ್ರೆ ವ್ಯಾಜ್ಯ ಹಾಕ್ಕೊಂಡು ಚಪ್ಪಲಿ ಸವೆಸೋ ಕಕ್ಷಿದಾರ ನೆನಪಾಗ್ತಾನೆ. ಧಾರವಾಡ, ಬಳ್ಳಾರಿ ಕಡೆಯೋರು ಇದಕ್ಕೆ ಏನಂತೀರಿ? ನಿಮ್ಮಲ್ಲಿ ಹಳೇ ವಕೀಲರ ಬಾಯಲ್ಲಿ ಬೇರೆ ಪದ ಏನಾದ್ರೂ ಇತ್ತಾ?