ಮಗ ಸ್ಪೈಡರ್‌ಮ್ಯಾನ್ ಥರ ಗೆಳತಿಯನ್ನು ದೂರ ಮಾಡಿದ್ದಾನೆ, ಏನು ಹೇಳಲಿ?

ಹಾಸನದ ಅಮ್ಮ, ಟೆಕ್ಸಸ್:
ಎಲ್ಲರಿಗೂ ನಮಸ್ಕಾರ. ಮಗನಿಗೆ 15 ವರ್ಷ. ಶಾಲೆಯ ಆರ್ಕೆಸ್ಟ್ರಾದಲ್ಲಿ ಅವನ ಪಕ್ಕ ಕೂತು ವಯೊಲಿನ್ ನುಡಿಸುವ ಹುಡುಗಿಯ ಜೊತೆ ಎರಡು ವರ್ಷದ ಸ್ನೇಹ. ಸ್ನೇಹಕ್ಕಿಂತ ಸ್ವಲ್ಪ ಜಾಸ್ತಿಯೇ ಇರಬಹುದು, ನಾನು ಕೆದಕಿಲ್ಲ. ಅವಳಿಗೆ ನಮ್ಮ ಮನೆಯ ಚಿತ್ರಾನ್ನ ಅಂದ್ರೆ ಪ್ರಾಣ. ಪ್ರತಿ ಶುಕ್ರವಾರ ಎರಡು ಡಬ್ಬಿ ಕಟ್ಟುತ್ತಿದ್ದೆ. ಅವಳದರಲ್ಲಿ ಹಸಿಮೆಣಸಿನಕಾಯಿ ಆರಿಸಿ ತೆಗೆದಿಡುತ್ತಿದ್ದೆ.

ಮೂರು ವಾರದಿಂದ "ಒಂದೇ ಡಬ್ಬಿ ಸಾಕು ಅಮ್ಮ" ಅಂತಾನೆ. ಜಗಳವಾ ಅಂತ ಕೇಳಿದೆ. ಇಲ್ಲವಂತೆ. ಅವಳ ಮೆಸೇಜಿಗೆ ಉತ್ತರ ಕೊಡುವುದನ್ನೇ ನಿಲ್ಲಿಸಿದ್ದಾನೆ. ಕಾರಿನಲ್ಲಿ ಬರುವಾಗ ಒತ್ತಾಯ ಮಾಡಿದ್ದಕ್ಕೆ ಹೇಳಿದ: "ನನ್ನಿಂದ ಅವಳಿಗೆ ನೋವಾಗಬಾರದು. ಸ್ಪೈಡರ್‌ಮ್ಯಾನ್ ಕೂಡ ಹೀಗೇ ಮಾಡಿದ್ದು."

2021ರ ಸಿನಿಮಾದ ಕೊನೆ ನಿಮಗೆ ನೆನಪಿರಬಹುದು. ಸ್ಪೈಡರ್‌ಮ್ಯಾನ್ ಆಗಿರುವ ಹುಡುಗ ಪೀಟರ್‌ನನ್ನು ಲೋಕವೆಲ್ಲ ಮರೆತಿರುತ್ತದೆ. ಗೆಳತಿ ಎಂಜೆಗೆ ಎಲ್ಲಾ ಹೇಳುತ್ತೇನೆ ಅಂತ ಮೊದಲೇ ಮಾತು ಕೊಟ್ಟಿರುತ್ತಾನೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡೇ ಅವಳು ಕೆಲಸ ಮಾಡುವ ಅಂಗಡಿಗೆ ಹೋಗುತ್ತಾನೆ. ಅವಳ ಹಣೆಯ ಮೇಲಿನ ಗಾಯದ ಪಟ್ಟಿ ನೋಡಿ, ಏನೂ ಹೇಳದೆ ಕಾಫಿ ತಗೊಂಡು ವಾಪಸ್ ಬರುತ್ತಾನೆ. ಥಿಯೇಟರ್‌ನಲ್ಲಿ ನಾನೂ ಅತ್ತಿದ್ದೆ. ಈಗ ಮಗನ ಬಾಯಲ್ಲಿ ಅದನ್ನೇ ಕೇಳಿ ಎದೆ ಧಸಕ್ ಅಂತು. ಇಂಥ ಸಿನಿಮಾ ನಿಲ್ಲಿಸಬೇಕಾ? ಅವನ ಹತ್ತಿರ ಹೇಗೆ ಮಾತಾಡೋದು?

ಕರಾವಳಿ ಕನ್ನಡತಿ, ಲಂಡನ್:
ನಾನು ಇಲ್ಲಿನ ಹೈಸ್ಕೂಲಲ್ಲಿ ಕೆಲಸ ಮಾಡುತ್ತೇನೆ. ನಿಲ್ಲಿಸಬೇಡಿ, ಜೊತೆಗೆ ಕೂತು ನೋಡಿ. 2004ರ ಎರಡನೇ ಸ್ಪೈಡರ್‌ಮ್ಯಾನ್ ಹಾಕಿ. 2002ರ ಮೊದಲ ಭಾಗದ ಕೊನೆಗೆ, ಸ್ಮಶಾನದಲ್ಲಿ, ಪೀಟರ್ ಮೇರಿ ಜೇನ್‌ಳನ್ನು ಬೇಡ ಅನ್ನುತ್ತಾನೆ. ಕಾರಣ ಹೇಳುವುದಿಲ್ಲ. ಎರಡನೆಯದರಲ್ಲಿ ಅವಳು ತನ್ನ ಮದುವೆ ಬಿಟ್ಟು, ಅದೇ ಬಿಳಿ ಗೌನಿನಲ್ಲಿ ಓಡಿಬಂದು ಅವನ ಬಾಗಿಲಲ್ಲಿ ನಿಲ್ಲುತ್ತಾಳೆ. ಅಪಾಯ ಇದೆ ಅಂತ ನನಗೂ ಗೊತ್ತು, ನನ್ನ ತೀರ್ಮಾನ ನಾನು ಮಾಡುತ್ತೇನೆ ಅಂತಾಳೆ. ಆ ದೃಶ್ಯ ಮುಗಿದ ಮೇಲೆ ಮಗನಿಗೆ ಒಂದೇ ಪ್ರಶ್ನೆ ಕೇಳಿ: "ನಿನ್ನ ಗೆಳತಿಯನ್ನು ಯಾರಾದರೂ ಕೇಳಿದರಾ?" ಉತ್ತರ ಬರದಿದ್ದರೆ ಬಿಡಿ. ಆಮೇಲೆ ಬರುತ್ತದೆ.

ತುಮಕೂರು ತಂದೆ, ಸಿಡ್ನಿ:
ಈ ಗುಂಪಲ್ಲಿ ಹತ್ತು ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ಮಕ್ಕಳು ಏಳನೇ ಕ್ಲಾಸ್ ದಾಟುವ ಮೊದಲು ಊರಿಗೆ ವಾಪಸ್ ಹೋಗಿ. ಆಮೇಲೆ ಅವರು ನಮ್ಮ ಕೈಗೆ ಸಿಗಲ್ಲ. 15 ವರ್ಷದ ಹುಡುಗನಿಗೆ ಗೆಳತಿ ಯಾಕೆ? ಡಬ್ಬಿ ಯಾಕೆ? ಅವನೇ ದೂರ ಆಗಿದ್ದಾನೆ, ದೇವರಿಗೆ ತುಪ್ಪದ ದೀಪ ಹಚ್ಚಿ ಸುಮ್ನಿರಿ. ನನ್ನ ಅಣ್ಣ 2011ರಲ್ಲಿ ವಾಪಸ್ ಹೋದ. ಇವತ್ತು ಅವನ ಮಕ್ಕಳು ಸಂಜೆ ಅಜ್ಜಿ ಪಕ್ಕ ಕೂತು ದೀಪ ಹಚ್ಚುತ್ತಾರೆ, ಅಜ್ಜಿ ಕನ್ನಡದಲ್ಲಿ ಬೈದರೆ ಕನ್ನಡದಲ್ಲೇ ಎದುರು ಮಾತಾಡುತ್ತಾರೆ. ನನ್ನ ಮಗಳು ಅವಳ ಅಜ್ಜಿ ಹತ್ತಿರ ಫೋನಲ್ಲಿ "ಚೆನ್ನಾಗಿದ್ದೀನಿ" ಬಿಟ್ಟು ಎರಡನೇ ಮಾತಾಡಲ್ಲ. ಸಿನಿಮಾ ಬರೀ ನೆಪ. ಬೇರು ಇಲ್ಲದ ಗಿಡಕ್ಕೆ ಯಾವ ಗಾಳಿಯಾದರೂ ಬಿರುಗಾಳಿಯೇ.

ಬಳ್ಳಾರಿ ಬಿಸಿಲು, ಡಬ್ಲಿನ್:
ನಾವು 2019ರಲ್ಲಿ ಬೆಂಗಳೂರಿಗೆ ವಾಪಸ್ ಹೋಗಿ, ಎರಡೂವರೆ ವರ್ಷ ಇದ್ದು, ಮತ್ತೆ ಇಲ್ಲಿಗೆ ಬಂದವರು. ಅಲ್ಲಿನ ಮಕ್ಕಳೂ ಇದೇ ಸಿನಿಮಾಗಳನ್ನೇ ನೋಡುತ್ತಾರೆ. ನನ್ನ ಮಗಳ ಕ್ಲಾಸಿನ ಅರ್ಧ ಜನರ ಬ್ಯಾಗ್ ಮೇಲೆ ಜೇಡರ ಬಲೆ ಇತ್ತು. ಊರು ಬದಲಾದರೆ ಸಿನಿಮಾ ಬದಲಾಗಲ್ಲ.

ತುಮಕೂರು ತಂದೆ, ಸಿಡ್ನಿ:
ಬೆಂಗಳೂರು ಊರಲ್ಲ. ನಾನು ಹೇಳಿದ್ದು ಊರು.

ಬಳ್ಳಾರಿ ಬಿಸಿಲು, ಡಬ್ಲಿನ್:
ಹಾಗಾದರೆ ಕೆಲಸ ಎಲ್ಲಿ ಮಾಡೋದು?

ಮೈಸೂರು ಪಾಕ, ಟೊರಾಂಟೊ:
ರಾಮಾಯಣ ಹೇಳಿಕೊಡಿ, ಸಾಕು. ಪ್ರೀತಿ ಅಂದ್ರೆ ಏನು, ತ್ಯಾಗ ಅಂದ್ರೆ ಏನು, ಎಲ್ಲಾ ಅದರಲ್ಲೇ ಇದೆ. ನಾನು ಮಕ್ಕಳಿಗೆ ಪ್ರತಿ ಭಾನುವಾರ ಒಂದು ಗಂಟೆ ಓದಿ ಹೇಳುತ್ತೇನೆ.

ಕರಾವಳಿ ಕನ್ನಡತಿ, ಲಂಡನ್:
ಖಂಡಿತ ಓದಿ. ಊರ್ಮಿಳೆಯ ಕಥೆಯನ್ನೂ ಹೇಳಿ. ಲಕ್ಷ್ಮಣ ಅಣ್ಣನ ಹಿಂದೆ ಹೊರಟಾಗ 14 ವರ್ಷ ಒಬ್ಬಳೇ ಉಳಿದವಳು ಅವಳು. ಸೀತೆ ಹಟ ಹಿಡಿದು, ವಾದ ಮಾಡಿ, ಕಾಡಿಗೆ ಜೊತೆಗೆ ಹೋದಳು. ಕಾಡು ಅಪಾಯ, ಬೇಡ ಅಂತ ರಾಮ ಅಂದರೂ ಕೇಳಲಿಲ್ಲ. ಮೇರಿ ಜೇನ್ ಆ ಬಾಗಿಲಲ್ಲಿ ಹೇಳುವುದೂ ಹೆಚ್ಚುಕಮ್ಮಿ ಅದನ್ನೇ ಅಲ್ವಾ?

ಧಾರವಾಡ ಫೇಡೆ, ನ್ಯೂಜೆರ್ಸಿ:
ನಾ 68 ವರ್ಷದವ. 1980ರ ಸೂಪರ್‌ಮ್ಯಾನ್ ಎರಡನೇ ಭಾಗ ನಮ್ಮ ಕಾಲದ್ದು. ಅದರಾಗ ಸೂಪರ್‌ಮ್ಯಾನ್ ಪ್ರೀತಿಸೋ ಲೋಯಿಸ್‌ಗ ಅವ ಯಾರು ಅನ್ನೋ ಗುಟ್ಟು ಗೊತ್ತಾಗಿ ಬಾಳ ಸಂಕಟ ಆಗತೈತಿ. ಕೊನೀಗೆ ಅವ ಒಂದು ಮುತ್ತು ಕೊಟ್ಟು ಆಕಿ ನೆನಪನ್ನ ಅಳಿಸಿಬಿಡ್ತಾನ. ಆಕಿನ್ನ ಕೇಳಲಿಲ್ಲ. ಆವಾಗ ನನಗ ಅದು ದೊಡ್ಡ ಪ್ರೀತಿ ಅನಿಸಿತ್ತು. 1994ರಾಗ ಇಲ್ಲೆ ನನಗ ಎದಿ ಆಪರೇಷನ್ ಆತು. ಊರಾಗಿದ್ದ ಅವ್ವಗ ಯಾರೂ ಹೇಳಬ್ಯಾಡ್ರಿ ಅಂದೆ. ಆರು ತಿಂಗಳ ಆದ ಮ್ಯಾಲೆ ಮದುವಿ ಮನಿಯಾಗ ಯಾರೋ ಹೇಳಿದರು. ಆಕಿ ಸಾಯೋತನಕ ಫೋನ್ ಮಾಡಿದಾಗೆಲ್ಲಾ "ಖರೇನ ಆರಾಮ ಇದ್ದೀಯೇನು?" ಅಂತ ಎರಡು ಸಲ ಕೇಳತಿದ್ಲು. ಆ ಎರಡನೇ ಸಲದ ಕೇಳೂದು ಇನ್ನೂ ಕಿವ್ಯಾಗ ಐತಿ.

ಮಲೆನಾಡಿಗ, ಕ್ಯಾಲಿಫೋರ್ನಿಯಾ:
ಸರ್, ನಿಮ್ಮ ಮಾತು ಓದಿ ಬರೆಯಬೇಕು ಅನಿಸಿತು. ನನ್ನ ಕೆಲಸ ಹೋದಾಗ ಹೆಂಡತಿಗೆ 19 ದಿನ ಹೇಳಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬ್ಯಾಗ್ ಹಾಕಿಕೊಂಡು ಹೊರಟು ಲೈಬ್ರರಿಯಲ್ಲಿ ಕೂತು ಅರ್ಜಿ ಹಾಕುತ್ತಿದ್ದೆ. ಇಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾದವರಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ, ಸಿಗದಿದ್ದರೆ ಸಾಮಾನ್ಯವಾಗಿ ದೇಶ ಬಿಡಬೇಕು. ಅದರಲ್ಲಿ 19ನ್ನು ನಾನೊಬ್ಬನೇ ಮುಗಿಸಿದೆ. ಅವಳಿಗೆ ಗಾಬರಿ ಬೇಡ ಅನ್ನುವುದು ನನ್ನ ಲೆಕ್ಕ. ಅವಳ ಹಳೆಯ ಮ್ಯಾನೇಜರ್ ಹತ್ತಿರ ಖಾಲಿ ಹುದ್ದೆ ಇತ್ತು. ಮೊದಲ ದಿನವೇ ಹೇಳಿದ್ದರೆ ಸಿಗುತ್ತಿತ್ತು.

2004ರ ಇನ್‌ಕ್ರೆಡಿಬಲ್ಸ್ ಕಾರ್ಟೂನ್ ಮಕ್ಕಳ ಜೊತೆ ನೋಡಿದ್ದೀರಾ? ಅದರಲ್ಲಿ ಅಪ್ಪ ಬಾಬ್‌ನ ಕೆಲಸ ಹೋಗಿರುತ್ತದೆ, ಮನೆಯಲ್ಲಿ ಹೇಳಿರುವುದಿಲ್ಲ. ಹೆಂಡತಿ ಹೆಲೆನ್ ಆಫೀಸಿಗೆ ಫೋನ್ ಮಾಡಿದಾಗ ಗೊತ್ತಾಗುತ್ತದೆ. ನನ್ನ ಹೆಂಡತಿ ಆ ದೃಶ್ಯ ಬಂದರೆ ಇವತ್ತಿಗೂ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ನನ್ನ ಪ್ರಕಾರ ಈ ಕಥೆಗಳು ಕಲಿಸುವ ಕೆಟ್ಟ ಪಾಠ ಮುತ್ತು, ಅಪ್ಪುಗೆ ಅಲ್ಲ. ಪ್ರೀತಿಸುವವನು ಮುಚ್ಚಿಡಬೇಕು, ಒಬ್ಬನೇ ಹೊರಬೇಕು ಅನ್ನುವುದು. ನಮ್ಮ ಗಂಡಸರಿಗೆ ಅದನ್ನು ಹಾಲಿವುಡ್ ಬಂದು ಕಲಿಸಬೇಕಾಗಿರಲಿಲ್ಲ.

ತುಮಕೂರು ತಂದೆ, ಸಿಡ್ನಿ:
ಅದಕ್ಕೇ ಹೇಳಿದ್ದು. ಊರಲ್ಲಿದ್ದರೆ ವೀಸಾ ಭಯವೇ ಇರಲ್ಲ.

ಮೈಸೂರು ಪಾಕ, ಟೊರಾಂಟೊ:
ಮಲಯಾಳಂನ ಮಿನ್ನಲ್ ಮುರಳಿ ಯಾರೂ ನೆನೆಸಿಕೊಂಡಿಲ್ಲ. 2021ರದು, ಹಳ್ಳಿಯ ದರ್ಜಿ ಹುಡುಗ ಹೀರೊ ಆಗುವ ಕಥೆ. ಅದರಲ್ಲಿ ವಿಲನ್ ಶಿಬು ಒಬ್ಬ ಹೆಣ್ಣಿಗಾಗಿ ವರ್ಷಗಟ್ಟಲೆ ಕಾದಿರುತ್ತಾನೆ. ನೋಡಿದವರೆಲ್ಲ ಪಾಪ ಅಂದರು, ನಾನೂ ಅಂದೆ. ನನ್ನ 17ರ ಮಗಳು ಮಾತ್ರ, "ಅವಳು ಕಾಯಿ ಅಂತ ಹೇಳಿದ್ದಳಾ ಅಪ್ಪಾ?" ಅಂತ ಕೇಳಿದಳು. ಭಾನುವಾರದ ಪಾಠ ನಾನು ಮಾಡುತ್ತೇನೆ, ಅವತ್ತು ಅವಳು ಮಾಡಿದಳು.

ತುಮಕೂರು ತಂದೆ, ಸಿಡ್ನಿ:
ವಾಪಸ್ ಹೋಗುವವರಿಗೆ ಬೇರೆ ಗುಂಪು ಮಾಡೋಣ ಅಂತಿದ್ದೇನೆ. ತುಮಕೂರು, ಹಾಸನ, ಶಿವಮೊಗ್ಗ ಕಡೆ ಶಾಲೆಗಳ ಮಾಹಿತಿ ಕಲೆಹಾಕೋಣ. ಆಸಕ್ತರು ಕೈ ಎತ್ತಿ.

(ಇದಕ್ಕೆ 41 ಉತ್ತರಗಳು)

ಹಾಸನದ ಅಮ್ಮ, ಟೆಕ್ಸಸ್:
ಎಲ್ಲವನ್ನೂ ಓದಿದೆ. ಶಾಲೆ ಅಡ್ಮಿಷನ್ ಉತ್ತರಗಳ ನಡುವೆ ಲಂಡನ್ ಅಕ್ಕನ ಮಾತು ಹುಡುಕಲು ತುಂಬಾ ಮೇಲೆ ಹೋಗಬೇಕಾಯಿತು.

ನಿಮಗೆ ಒಂದು ವಿಷಯ ಹೇಳಿರಲಿಲ್ಲ. ನಮ್ಮ ಮನೆಯವರ ಕೆಲಸ ಹೋಗಿ ಇವತ್ತಿಗೆ 26 ದಿನ. ಮಕ್ಕಳಿಗೆ ತಿಳಿಯುವುದು ಬೇಡ ಅಂತ ರಾತ್ರಿ ಹನ್ನೊಂದರ ಮೇಲೆ ಅಡುಗೆಮನೆಯಲ್ಲಿ ಪಿಸುಮಾತಲ್ಲಿ ಲೆಕ್ಕ ಹಾಕುತ್ತಿದ್ದೆವು.

ಮೊನ್ನೆ 2004ರ ಸಿನಿಮಾ ಹಾಕಿದೆವು. ಬಾಗಿಲ ದೃಶ್ಯ ಮುಗಿಯಿತು. ಅವಳನ್ನು ಯಾರಾದರೂ ಕೇಳಿದರಾ ಅಂತ ನಾನು ಬಾಯಿ ತೆರೆಯುವ ಮೊದಲೇ ಅವನು ಟಿವಿ ಕಡೆ ನೋಡುತ್ತಲೇ ಹೇಳಿದ: "ನೀವೂ ನನಗೆ ಹೇಳಲಿಲ್ಲ." ಮೊದಲ ದಿನವೇ ಮೆಟ್ಟಿಲ ಮೇಲೆ ಕೂತು ಎಲ್ಲಾ ಕೇಳಿಸಿಕೊಂಡಿದ್ದನಂತೆ. ಹೇಗೂ ಊರು ಬಿಡುವುದು, ಈಗಲೇ ಮಾತು ಬಿಟ್ಟರೆ ಆಮೇಲೆ ಅವಳಿಗೆ ಅಷ್ಟು ಬೇಜಾರಾಗಲ್ಲ ಅಂದುಕೊಂಡನಂತೆ.

ಅವರಪ್ಪ ಕ್ಯಾಲೆಂಡರ್ ತಂದು ಊಟದ ಮೇಜಿನ ಮೇಲೆ ಹಾಸಿದರು. ವೀಸಾದ 60 ದಿನದಲ್ಲಿ ಉಳಿದ ದಿನಗಳು, ಕರೆ ಬಂದಿರುವ ಎರಡು ಇಂಟರ್‌ವ್ಯೂ, ಬ್ಯಾಂಕಿನಲ್ಲಿರುವ ದುಡ್ಡು, ಎಲ್ಲವನ್ನೂ ಬೆರಳಿಟ್ಟು ತೋರಿಸಿದರು. ಮಗ ತುಂಬಾ ಪ್ರಶ್ನೆ ಕೇಳಿದ. ಒಂದೂವರೆ ಗಂಟೆಯಾಯಿತು. ಆಮೇಲೆ ಮಾಡಿದ ದೋಸೆ ಆರು ತಿಂದ.

ಹುಡುಗಿಗೆ ಹೇಳಿದನಾ ಅಂತ ನಾನು ಕೇಳಿಲ್ಲ. ನಾಳೆ ಶುಕ್ರವಾರ. ನಿಂಬೆಹಣ್ಣು ತಂದಿಟ್ಟಿದ್ದೇನೆ. ಎಷ್ಟು ಡಬ್ಬಿ ಅಂತ ಅವನೇ ಹೇಳಲಿ.