ಅಪ್‌ಡೇಟ್: ಕೊನೆಯಲ್ಲಿ ನಿಂತುಬಿಡುತ್ತಿದ್ದ ಡಿವಿಡಿ ಈಗ ಓಡುತ್ತಿದೆ

ಹೋದ ವಾರ ಕೇಳಿದ್ದೆ, ನೆನಪಿದೆಯಲ್ವಾ? ಅಕ್ಕನ ಮದುವೆ ವಿಡಿಯೋವನ್ನು ಡಿವಿಡಿಗೆ ಬರ್ನ್ ಮಾಡಿದ್ದೆ, ಅಂದರೆ ಡಿಸ್ಕಿಗೆ ಬರೆದಿದ್ದೆ. ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಅಜ್ಜಿ ಮನೆಯ ಹಳೇ ಪ್ಲೇಯರಿನಲ್ಲಿ ಮಾತ್ರ ಧಾರೆ ಮುಗಿದು ಊಟದ ಪಂಕ್ತಿ ಬರುವ ಹೊತ್ತಿಗೆ ನಿಂತುಬಿಡುತ್ತಿತ್ತು. ಬರೆಯುವ ಸ್ಪೀಡನ್ನು ಸುಮ್ನೆ 'ಮ್ಯಾಕ್ಸ್'ನಲ್ಲೇ ಬಿಟ್ಟಿದ್ದೆ, ಅಂದರೆ 16ಎಕ್ಸ್ (ಡಿವಿಡಿಯ ಮೂಲ ಸ್ಪೀಡಿನ 16 ಪಟ್ಟು).

"ಆದಷ್ಟು ಕಡಿಮೆ ಇಡಿ" ಅಂತ ಜಾಸ್ತಿ ಜನ ಹೇಳಿದಿರಿ. 2ಎಕ್ಸ್ ಆರಿಸಿದೆ. ಡ್ರೈವ್ ಒಪ್ಪಲೇ ಇಲ್ಲ, ತಾನೇ ಮೇಲಿನ ಸ್ಪೀಡಿಗೆ ಹಾರಿತು. ಈಗಿನ 16ಎಕ್ಸ್ ಡಿಸ್ಕ್‌ಗಳಿಗೆ ತೀರಾ ನಿಧಾನವೂ ಒಗ್ಗುವುದಿಲ್ಲವಂತೆ. ಕೊನೆಗೆ 8ಎಕ್ಸ್ ಇಟ್ಟೆ. ಡಿಸ್ಕ್ ಬರೆಯುವ ಸಾಫ್ಟ್‌ವೇರ್ ಇಮ್ಗ್‌ಬರ್ನ್‌ನಲ್ಲಿ 'ವೆರಿಫೈ' (ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವುದು) ಕೂಡ ಹಾಕಿದೆ. ಒಂದೂ ತಪ್ಪಿಲ್ಲ. ಅಜ್ಜಿ ಮೂರು ಸಲ ನೋಡಿಯಾಯಿತು, ಪಾಯಸ ಬಡಿಸುವವರೆಗೂ!

ಕೊನೆಯಲ್ಲೇ ಯಾಕೆ ಕೈಕೊಡುತ್ತಿತ್ತು ಅನ್ನುವುದೂ ಗೊತ್ತಾಯಿತು. ಡಿವಿಡಿಯನ್ನು ಒಳಗಿನಿಂದ ಹೊರಗೆ ಬರೆಯುತ್ತಾ ಹೋಗುತ್ತದೆ. 16ಎಕ್ಸ್ ಅಂದರೂ ಶುರುವಿನಲ್ಲಿ ಅಷ್ಟು ಸ್ಪೀಡ್ ಇರುವುದಿಲ್ಲ. ಹೊರ ಅಂಚಿಗೆ ಬಂದಾಗಲೇ 16 ಮುಟ್ಟುವುದು. ಅಷ್ಟು ಸ್ಪೀಡಿನಲ್ಲಿ ಬರೆದ ಆ ಭಾಗವನ್ನು ಹಳೇ ಪ್ಲೇಯರಿಗೆ ಓದಲು ಆಗುತ್ತಿರಲಿಲ್ಲ. ನನ್ನ ಡಿಸ್ಕ್ ಪೂರ್ತಿ ತುಂಬಿತ್ತು, ಹಾಗಾಗಿ ಊಟದ ಪಂಕ್ತಿ ಸರಿಯಾಗಿ ಅಲ್ಲೇ ಬಿದ್ದಿತ್ತು.

ಟೈಮ್ ಲೆಕ್ಕ ಹಾಕಿದರೆ ನಗು ಬರುತ್ತದೆ. 4.7 ಜಿಬಿ ಡಿಸ್ಕ್ 16ಎಕ್ಸ್‌ನಲ್ಲಿ ಸುಮಾರು 6 ನಿಮಿಷ, 8ಎಕ್ಸ್‌ನಲ್ಲಿ ಸುಮಾರು 9. ಮೂರು ನಿಮಿಷ ಉಳಿಸೋಕೆ ಹೋಗಿ ನಾಲ್ಕು ಡಿಸ್ಕ್ ಹಾಳು ಮಾಡಿದೆ. ಅವೀಗ ಅಜ್ಜಿಯ ಹಿತ್ತಲಲ್ಲಿ ದಾರಕ್ಕೆ ನೇತಾಡಿಕೊಂಡು ಹಕ್ಕಿ ಓಡಿಸುತ್ತಿವೆ.